ಹಿಂಜರಿತ ಮುಗಿಯಿತು, ಹಿಂಜರಿಕೆ ಮುಗಿಯಲಿಲ್ಲ

1991ರ ನವೆಂಬರ್ 29. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ. ಕ್ರಿಸ್‌ಮಸ್ ಖರೀದಿಯ ಭರಾಟೆ ಆ ದೇಶದಲ್ಲಿ ಶುರುವಾಗುವುದೇ ಆ ದಿನದಿಂದ. ದೀಪಾವಳಿಗೆ ಮೊದಲು ನಮ್ಮ ಬಟ್ಟೆ ಅಂಗಡಿಗಳ ಮುಂದೆ ಕಾಣುವ ನೂಕುನುಗ್ಗಲನ್ನು ನೆನಪಿಸಿಕೊಂಡರೆ ಸಾಕು. ಅಂದು ಮೇರಿಲ್ಯಾಂಡ್ ರಾಜ್ಯದ ಫ್ರೆಡರಿಕ್ ಎಂಬ ಊರಿನ ಮಳಿಗೆಯೊಂದಕ್ಕೆ ಯಾರೂ ನಿರೀಕ್ಷಿಸದ ಗಿರಾಕಿಯೊಬ್ಬರು ಬಂದರು. ಒಂದಷ್ಟು ಸಾಮಾನು ಆರಿಸಿದರು, ದುಡ್ಡು ಕೊಟ್ಟರು, ಹೊರಟರು. ಕೊಂಡ ಸಾಮಾನಿನಲ್ಲಿ ಕಾಲುಚೀಲಗಳಿದ್ದವು. ಗಿರಾಕಿಯ ಹೆಸರು ಜಾರ್ಜ್ ಬುಷ್. ಅಮೆರಿಕದ ಅಂದಿನ ಅಧ್ಯಕ್ಷರು, ಮುಂದೆ ಅದೇ ಹುದ್ದೆಗೆ ಬಂದ ಕಿರಿಯ ಬುಷ್ ಅವರ ತಂದೆ.

ಅಧ್ಯಕ್ಷರಿಗೆ ಕಾಲುಚೀಲದ ಕೊರತೆ ಇತ್ತೆಂದಲ್ಲ. ಆ ವರ್ಷ ಜನ ಅಂಗಡಿಗೆ ಹೋಗಲು ಮನಸ್ಸು ಮಾಡುತ್ತಿರಲಿಲ್ಲ. ‘ಹೆದರಬೇಡಿ, ಕೊಳ್ಳಿ’ ಎಂದು ದೇಶಕ್ಕೆ ಹೇಳಬೇಕಾಗಿತ್ತು. ಬರೀ ಬಾಯಲ್ಲಿ ಹೇಳುವ ಬದಲು ಬುಷ್ ತಾವೇ ಕೊಂಡು ತೋರಿಸಿದರು. ಪತ್ರಿಕೆಗಳು ಚಿತ್ರ ಪ್ರಕಟಿಸಿದವು, ಹಾಸ್ಯಗಾರರಿಗೆ ಒಂದು ವಾರದ ಸರಕು ಸಿಕ್ಕಿತು. ಜನ ಮಾತ್ರ ಪರ್ಸು ಬಿಚ್ಚಲಿಲ್ಲ.

ಇದರಲ್ಲಿ ವಿಚಿತ್ರವೊಂದಿದೆ. ಅರ್ಥಶಾಸ್ತ್ರಜ್ಞರ ಲೆಕ್ಕದಂತೆ, ಬುಷ್ ಆ ಮಳಿಗೆಗೆ ಹೋಗುವ ಎಂಟು ತಿಂಗಳ ಮೊದಲೇ ಅಮೆರಿಕದ ಆರ್ಥಿಕ ಹಿಂಜರಿತ ಮುಗಿದುಹೋಗಿತ್ತು! 1990ರ ಜುಲೈನಲ್ಲಿ ಶುರುವಾದ ಹಿಂಜರಿತ 1991ರ ಮಾರ್ಚ್‌ಗೆ ಕೊನೆಗೊಂಡಿತು ಎಂಬುದು ಇಂದು ಎಲ್ಲ ಪಠ್ಯಪುಸ್ತಕಗಳೂ ಒಪ್ಪುವ ಮಾತು. ಹಾಗಿದ್ದರೆ ನವೆಂಬರ್‌ನಲ್ಲಿಯೂ ಜನ ಏಕೆ ಕೈಕಟ್ಟಿ ಕುಳಿತಿದ್ದರು? ಅವರಿಗೆ ವಿಷಯ ತಿಳಿಯದೆಯೋ ಅಥವಾ ಅರ್ಥಶಾಸ್ತ್ರಜ್ಞರಿಗೆ ತಿಳಿಯದ ಯಾವುದೋ ವಿಷಯ ಅವರಿಗೆ ತಿಳಿದಿದ್ದರಿಂದಲೋ?

ಬಾವಿಯ ತಳ

ಹಿಂಜರಿತ ಎಂದು ಶುರುವಾಯಿತು, ಎಂದು ಮುಗಿಯಿತು ಎಂದು ಅಮೆರಿಕದಲ್ಲಿ ತೀರ್ಪು ಕೊಡುವುದು ಸರ್ಕಾರವಲ್ಲ. 1920ರಲ್ಲಿ ಸ್ಥಾಪನೆಯಾದ ‘ನ್ಯಾಷನಲ್ ಬ್ಯೂರೋ ಆಫ್ ಎಕನಾಮಿಕ್ ರಿಸರ್ಚ್’ ಎಂಬ ಖಾಸಗಿ ಸಂಶೋಧನಾ ಸಂಸ್ಥೆಗೆ ಆ ಹೊಣೆ. 1978ರಿಂದ ಅದಕ್ಕಾಗಿಯೇ ಅಲ್ಲಿ ಅರ್ಥಶಾಸ್ತ್ರಜ್ಞರ ಸಮಿತಿಯೊಂದಿದೆ. ಉತ್ಪಾದನೆ, ಉದ್ಯೋಗ, ಆದಾಯ, ಮಾರಾಟ ಮುಂತಾದ ಅಂಕಿಅಂಶಗಳನ್ನು ತಿಂಗಳುಗಟ್ಟಲೆ ತೂಗಿ ನೋಡಿ ಅದು ತನ್ನ ತೀರ್ಮಾನ ಪ್ರಕಟಿಸುತ್ತದೆ.

ಈ ಸಮಿತಿ ‘ಹಿಂಜರಿತ ಮುಗಿಯಿತು’ ಎಂದಾಗ ಅದರ ಅರ್ಥ, ಇಳಿಯುವುದು ನಿಂತಿತು ಎಂದಷ್ಟೇ. ಒಬ್ಬ ಬಾವಿಗೆ ಬಿದ್ದ ಎಂದುಕೊಳ್ಳಿ. ಬೀಳುತ್ತ ಬೀಳುತ್ತ ತಳ ಮುಟ್ಟಿದ. ಅಲ್ಲಿಗೆ ಬೀಳುವುದು ಮುಗಿಯಿತು. ಸಮಿತಿ ಗುರುತು ಹಾಕಿಕೊಳ್ಳುವುದು ಆ ಗಳಿಗೆಯನ್ನು. ಮರುಗಳಿಗೆಯಿಂದ ಅವನು ಒಂದೊಂದೇ ಮೆಟ್ಟಿಲು ಹತ್ತತೊಡಗಿದರೆ ಅದಕ್ಕೆ ‘ಚೇತರಿಕೆ’ ಎಂದು ಹೆಸರು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಬಾವಿಯೊಳಗಿರುವವನಿಗೆ ಕಾಣುವುದು ತಾನು ಹತ್ತಿದ ಎರಡು ಮೆಟ್ಟಿಲಲ್ಲ, ಇನ್ನೂ ಮೇಲೆ ಉಳಿದಿರುವ ಇಪ್ಪತ್ತು ಮೆಟ್ಟಿಲು.

ಅರ್ಥಶಾಸ್ತ್ರಜ್ಞರ ಅಂಕಿ ಹೇಳುವುದು ದಿಕ್ಕನ್ನು: ಏರುತ್ತಿದೆಯೋ, ಇಳಿಯುತ್ತಿದೆಯೋ. ಮನೆಮಂದಿ ನೋಡುವುದು ಮಟ್ಟವನ್ನು: ಮೊದಲಿದ್ದ ಜಾಗಕ್ಕೆ ಬಂದೆವೋ ಇಲ್ಲವೋ. ಹಿಂಜರಿತದ ನಂತರದ ದಿನಗಳಲ್ಲಿ ಸರ್ಕಾರಕ್ಕೂ ಜನರಿಗೂ ನಡೆಯುವ ಜಟಾಪಟಿಯ ಬಹುಪಾಲು ಈ ಎರಡರ ನಡುವಿನ ಅಂತರದಿಂದಲೇ ಹುಟ್ಟುವಂಥದು.

ಮನಸ್ಸಿಗೆ ಮಾಪಕ ಹಿಡಿದವರು

ಜನರ ಮನಸ್ಸನ್ನು ಅಳೆಯುವುದು ಹೇಗೆ? ಈ ಕೆಲಸಕ್ಕೆ ಕೈಹಾಕಿದವರಲ್ಲಿ ಮೊದಲಿಗರು ಜಾರ್ಜ್ ಕಟೋನಾ. 1901ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಜರ್ಮನಿಯಲ್ಲಿ ಮನಶ್ಶಾಸ್ತ್ರ ಓದಿದವರು. 1923ರ ಜರ್ಮನಿಯಲ್ಲಿ ಹಣದುಬ್ಬರ ಎಲ್ಲೆ ಮೀರಿ, ಬೆಳಗಿನ ನೋಟು ಸಂಜೆಗೆ ಬೆಲೆ ಕಳೆದುಕೊಳ್ಳುತ್ತಿದ್ದುದನ್ನು ಅವರು ಕಣ್ಣಾರೆ ಕಂಡರು. ಹಣದ ವ್ಯವಹಾರದಲ್ಲಿ ಗಣಿತದಷ್ಟೇ ಮನಸ್ಸೂ ಕೆಲಸ ಮಾಡುತ್ತದೆ ಎಂಬ ಅರಿವು ಅವರನ್ನು ಅರ್ಥಶಾಸ್ತ್ರದ ಕಡೆಗೆ ತಿರುಗಿಸಿತು. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಅಮೆರಿಕಕ್ಕೆ ವಲಸೆ ಹೋದರು.

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಅನೇಕ ಅರ್ಥಶಾಸ್ತ್ರಜ್ಞರು ಮತ್ತೊಂದು ಮಹಾ ಮುಗ್ಗಟ್ಟು ಬರುವುದೆಂದು ಅಂಜಿದ್ದರು. ಯುದ್ಧದ ಕಾರ್ಖಾನೆಗಳು ಮುಚ್ಚುತ್ತವೆ, ಲಕ್ಷಾಂತರ ಸೈನಿಕರು ಕೆಲಸ ಕೇಳುತ್ತ ಊರಿಗೆ ಮರಳುತ್ತಾರೆ, ಆಗೇನು ಗತಿ ಎಂಬುದು ಅವರ ಚಿಂತೆ. ಜನರ ಕೈಯಲ್ಲಿ ಎಷ್ಟು ಉಳಿತಾಯವಿದೆ ಎಂದು ತಿಳಿಯಲು ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 1946ರಲ್ಲಿ ಒಂದು ಸಮೀಕ್ಷೆ ನಡೆಸಲು ಬಯಸಿತು. ಕಟೋನಾ ಅದನ್ನು ವಹಿಸಿಕೊಂಡರು. ಆದರೆ ಗುರುತಿಲ್ಲದವರು ಬಾಗಿಲು ತಟ್ಟಿ ‘ಬ್ಯಾಂಕಿನಲ್ಲಿ ಎಷ್ಟು ದುಡ್ಡಿಟ್ಟಿದ್ದೀರಿ’ ಎಂದರೆ ಯಾರು ತಾನೇ ಉತ್ತರಿಸುತ್ತಾರೆ? ಮೊದಲು ನಾಲ್ಕು ಲೋಕಾಭಿರಾಮದ ಮಾತು ಬೇಕು. ‘ಕಾಲ ಹೇಗಿದೆ? ಮುಂದೆ ಹೇಗಿರಬಹುದು? ಏನಾದರೂ ಕೊಳ್ಳುವ ಯೋಚನೆ ಇದೆಯೇ?’ ಎಂಬ ಪ್ರಶ್ನೆಗಳು ಹಾಗೆ ಪಟ್ಟಿಯಲ್ಲಿ ಸೇರಿದವು. ಕೊನೆಗೆ ಬ್ಯಾಂಕಿನ ಲೆಕ್ಕಕ್ಕಿಂತ ಈ ಪ್ರಶ್ನೆಗಳ ಉತ್ತರಗಳೇ ಹೆಚ್ಚು ಬೆಲೆ ಬಾಳಿದವು. ಜನ ಧೈರ್ಯದಿಂದಿದ್ದರು, ಕೊಳ್ಳಲು ಸಿದ್ಧರಿದ್ದರು. ನಿರೀಕ್ಷಿಸಿದ್ದ ಮುಗ್ಗಟ್ಟು ಬರಲೇ ಇಲ್ಲ.

ಕಟೋನಾ ಹೇಳಿದ್ದು ಸರಳವಾದ ಮಾತು. ಖರ್ಚಿಗೆ ಎರಡು ಬೇಕು: ಕೊಳ್ಳುವ ಶಕ್ತಿ, ಕೊಳ್ಳುವ ಮನಸ್ಸು. ಸಂಬಳದ ಅಂಕಿ ನೋಡಿದರೆ ಶಕ್ತಿ ಗೊತ್ತಾಗುತ್ತದೆ. ಮನಸ್ಸನ್ನು ಕೇಳಿಯೇ ತಿಳಿಯಬೇಕು. ಅವರ ತಂಡ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನೆಲೆ ನಿಂತಿತು. ಅಲ್ಲಿ ರೂಪುಗೊಂಡ ‘ಗ್ರಾಹಕ ಮನೋಭಾವ ಸೂಚ್ಯಂಕ’ ಇಂದಿಗೂ ತಿಂಗಳು ತಿಂಗಳು ಪ್ರಕಟವಾಗುತ್ತದೆ.

ಸೂಚ್ಯಂಕದ ಆಧಾರ ಐದು ಪ್ರಶ್ನೆಗಳು. ಕಳೆದ ವರ್ಷಕ್ಕಿಂತ ನಿಮ್ಮ ಮನೆಯ ಹಣಕಾಸು ಈಗ ಹೇಗಿದೆ? ಬರುವ ವರ್ಷ ಹೇಗಿರಬಹುದು? ಮುಂದಿನ ಹನ್ನೆರಡು ತಿಂಗಳಲ್ಲಿ ದೇಶದ ವ್ಯವಹಾರ ಹೇಗಿರುತ್ತದೆ? ಮುಂದಿನ ಐದು ವರ್ಷಗಳಲ್ಲಿ? ಮನೆಗೆ ಬೇಕಾದ ದೊಡ್ಡ ವಸ್ತುಗಳನ್ನು ಕೊಳ್ಳಲು ಇದು ಸರಿಯಾದ ಕಾಲವೇ? ನೂರು ಜನರಲ್ಲಿ 30 ಮಂದಿ ‘ಒಳ್ಳೆಯದು’ ಎಂದು, 45 ಮಂದಿ ‘ಕೆಟ್ಟದ್ದು’ ಎಂದು ಹೇಳಿದರೆ ಒಂದರಿಂದ ಇನ್ನೊಂದನ್ನು ಕಳೆದು ನೂರು ಕೂಡುತ್ತಾರೆ, 85 ಬರುತ್ತದೆ. ಐದೂ ಉತ್ತರಗಳನ್ನು ಹೀಗೆ ಸೇರಿಸಿ, 1966ರ ಮಟ್ಟವನ್ನು 100 ಎಂದಿಟ್ಟುಕೊಂಡು ಹೋಲಿಸುತ್ತಾರೆ. ಕಾನ್ಫರೆನ್ಸ್ ಬೋರ್ಡ್ ಎಂಬ ಇನ್ನೊಂದು ಸಂಸ್ಥೆ 1967ರಿಂದ ಇಂಥದೇ ಬೇರೊಂದು ಸಮೀಕ್ಷೆ ನಡೆಸುತ್ತಿದೆ. ಕೆಲಸ ಸಿಗುವುದು ಸುಲಭವೋ ಕಷ್ಟವೋ ಎಂಬ ಪ್ರಶ್ನೆಗೆ ಅದರಲ್ಲಿ ಹೆಚ್ಚಿನ ಮಹತ್ವ.

ಏರಿದ್ದು ಇಳಿಯಿತು

ಕಾಲುಚೀಲದ ವರ್ಷದಲ್ಲಿ ಈ ಮಾಪಕ ಏನು ತೋರಿಸಿತು? 1990ರ ಜುಲೈನಲ್ಲಿ ಮಿಷಿಗನ್ ಸೂಚ್ಯಂಕ 88.2 ಇತ್ತು. ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿತು, ಪೆಟ್ರೋಲ್ ಬೆಲೆ ನೆಗೆಯಿತು. ಅಕ್ಟೋಬರ್ ಹೊತ್ತಿಗೆ ಸೂಚ್ಯಂಕ 63.9ಕ್ಕೆ ಕುಸಿದಿತ್ತು. 1991ರ ಫೆಬ್ರುವರಿ ಕೊನೆಯಲ್ಲಿ ಕೊಲ್ಲಿ ಯುದ್ಧ ಅಮೆರಿಕದ ಗೆಲುವಿನಲ್ಲಿ ಮುಗಿಯಿತು. ಮಾರ್ಚ್‌ನಲ್ಲಿ ಸೂಚ್ಯಂಕ ಒಂದೇ ತಿಂಗಳಿಗೆ 70.4ರಿಂದ 87.7ಕ್ಕೆ ಜಿಗಿಯಿತು. ಗ್ಯಾಲಪ್ ಸಮೀಕ್ಷೆಯಲ್ಲಿ ಬುಷ್ ಅವರ ಕಾರ್ಯವನ್ನು ಮೆಚ್ಚಿದವರು ಶೇ 89. ಮರುವರ್ಷದ ಚುನಾವಣೆಯಲ್ಲಿ ಅವರನ್ನು ಸೋಲಿಸುವವರೇ ಇಲ್ಲ ಎಂದು ಎಲ್ಲರೂ ಭಾವಿಸಿದ್ದ ಕಾಲ ಅದು.

ಯುದ್ಧ ಗೆದ್ದ ಸಂಭ್ರಮ ಮನೆಯ ಲೆಕ್ಕದ ಪುಸ್ತಕದಲ್ಲಿ ಬಹಳ ದಿನ ನಿಲ್ಲಲಿಲ್ಲ. ನವೆಂಬರ್‌ನಲ್ಲಿ, ಅಧ್ಯಕ್ಷರು ಕಾಲುಚೀಲ ಕೊಂಡ ತಿಂಗಳು, ಸೂಚ್ಯಂಕ 69.1. 1992ರ ಜನವರಿಯಲ್ಲಿ 67.5. ಹಿಂಜರಿತ ‘ಮುಗಿದು’ ಹತ್ತು ತಿಂಗಳಾದ ಮೇಲೆ ಜನರ ಧೈರ್ಯ ಹಿಂಜರಿತದ ನಡುವೆ ಇದ್ದಷ್ಟೇ ಕೆಳಗಿತ್ತು.

ಒಬ್ಬರ ಕೆಲಸ, ಹತ್ತು ಮನೆಯ ಭಯ

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಹಿಂಜರಿತ ಶುರುವಾದಾಗ ಅಮೆರಿಕದ ನಿರುದ್ಯೋಗ ಪ್ರಮಾಣ ಶೇ 5.5 ಇತ್ತು. ಅದು ‘ಮುಗಿದ’ ತಿಂಗಳು ಶೇ 6.8. ಆಮೇಲೆ ಇಳಿಯಬೇಕಿತ್ತಲ್ಲವೇ? ಇಳಿಯಲಿಲ್ಲ. ಏರುತ್ತಲೇ ಹೋಗಿ 1992ರ ಜೂನ್‌ನಲ್ಲಿ ಶೇ 7.8 ತಲುಪಿತು. ಉತ್ಪಾದನೆ ಹೆಚ್ಚುತ್ತಿತ್ತು, ಕೆಲಸ ಹೆಚ್ಚುತ್ತಿರಲಿಲ್ಲ. ‘ಉದ್ಯೋಗವಿಲ್ಲದ ಚೇತರಿಕೆ’ ಎಂಬ ಮಾತು ಆಗ ಎಲ್ಲರ ಬಾಯಿಗೆ ಬಂತು.

1991ರ ಡಿಸೆಂಬರ್‌ನಲ್ಲಿ ಜನರಲ್ ಮೋಟರ್ಸ್ ಕಂಪೆನಿ 21 ಕಾರ್ಖಾನೆಗಳನ್ನು ಮುಚ್ಚಿ, ಕೆಲವೇ ವರ್ಷಗಳಲ್ಲಿ 74,000 ಕೆಲಸಗಳನ್ನು ಕಡಿಮೆ ಮಾಡುವುದಾಗಿ ಸಾರಿತು. ಮರು ಫೆಬ್ರುವರಿಯಲ್ಲಿ ಪ್ರಕಟವಾದ ಪಟ್ಟಿಯಲ್ಲಿ ವಿಲೋ ರನ್ ಎಂಬಲ್ಲಿನ ಕಾರು ಕಾರ್ಖಾನೆಯೂ ಸೇರಿತ್ತು. ಜನರ ಮನಸ್ಸನ್ನು ಅಳೆಯುವ ಮಿಷಿಗನ್ ವಿಶ್ವವಿದ್ಯಾಲಯದ ಊರಿಗೆ ಅದು ನೆರೆಯ ಜಾಗ. ಹಿಂದಿನ ಹಿಂಜರಿತಗಳಲ್ಲಿ ಕಾರ್ಖಾನೆಗಳು ಕೆಲಸಗಾರರನ್ನು ಕೆಲ ತಿಂಗಳು ಮನೆಗೆ ಕಳಿಸಿ, ಬೇಡಿಕೆ ಬಂದಾಗ ಮತ್ತೆ ಕರೆಯುತ್ತಿದ್ದವು. ಈ ಸಲ ಹೋದ ಅನೇಕ ಕೆಲಸಗಳು ಹೋದದ್ದೇ. ಮೇಜಿನ ಮುಂದೆ ಕೂತು ಕೆಲಸ ಮಾಡುವ ಗುಮಾಸ್ತರು, ಮ್ಯಾನೇಜರುಗಳಿಗೂ ಅಂಥ ಪತ್ರ ಬರತೊಡಗಿತು.

ಶೇ 7.8ರಷ್ಟು ಜನ ನಿರುದ್ಯೋಗಿಗಳೆಂದರೆ ಉಳಿದ 92 ಮಂದಿಗೆ ಕೆಲಸ ಇದ್ದೇ ಇತ್ತಲ್ಲ ಎನ್ನಬಹುದು. ಇತ್ತು. ಆದರೆ ಬೀದಿಯಲ್ಲಿ ಒಬ್ಬರ ಕೆಲಸ ಹೋದರೆ ಹತ್ತು ಮನೆಗಳಲ್ಲಿ ರಾತ್ರಿ ಅದೇ ಮಾತು. ಸಂಬಳ ಬರುತ್ತಿರುವವರೂ ‘ಹೊಸ ಕಾರು ಮುಂದಿನ ವರ್ಷ ನೋಡೋಣ’ ಎನ್ನುತ್ತಾರೆ. ಅಕ್ಕಿ, ಹಾಲು, ಮಕ್ಕಳ ಫೀಸು ಮುಂದೆ ಹಾಕುವಂಥ ಖರ್ಚಲ್ಲ. ಕಾರು, ಫ್ರಿಜ್, ಹೊಸ ಮನೆ ಮುಂದೆ ಹಾಕಬಹುದಾದ ಖರ್ಚು. ಅದರಲ್ಲೂ ಕಂತಿನ ಮೇಲೆ ಕೊಳ್ಳುವ ವಸ್ತು ಎಂದರೆ, ಮೂರು ವರ್ಷ ಕೆಲಸ ಇದ್ದೇ ಇರುತ್ತದೆ ಎಂಬ ನಂಬಿಕೆಗೆ ಹಾಕುವ ಸಹಿ. ಆ ನಂಬಿಕೆ ಅಲುಗಿದರೆ ಬಡ್ಡಿ ಎಷ್ಟು ಇಳಿದರೂ ಸಹಿ ಬೀಳುವುದಿಲ್ಲ. ಫೆಡರಲ್ ರಿಸರ್ವ್ 1990ರಲ್ಲಿ ಶೇ 8ರ ಆಸುಪಾಸಿನಲ್ಲಿದ್ದ ತನ್ನ ಬಡ್ಡಿ ದರವನ್ನು 1992ರ ಸೆಪ್ಟೆಂಬರ್‌ಗೆ ಶೇ 3ಕ್ಕೆ ಇಳಿಸಿತ್ತು. ಆದರೂ ಮಾರುಕಟ್ಟೆ ತೆವಳುತ್ತಲೇ ಇತ್ತು.

ಅಮೆರಿಕದ ಒಟ್ಟು ಉತ್ಪನ್ನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನಸಾಮಾನ್ಯರ ಖರ್ಚಿನಿಂದಲೇ ಬರುವಂಥದು. ಒಂದು ಮನೆ ಕೈ ಬಿಗಿ ಹಿಡಿದರೆ ಅದು ಜಾಣತನ. ಎಲ್ಲ ಮನೆಗಳೂ ಒಟ್ಟಿಗೆ ಕೈ ಬಿಗಿ ಹಿಡಿದರೆ ಅಂಗಡಿಯಲ್ಲಿ ಸರಕು ಉಳಿಯುತ್ತದೆ, ಕಾರ್ಖಾನೆ ಪಾಳಿ ಕಡಿಮೆ ಮಾಡುತ್ತದೆ, ಇನ್ನಷ್ಟು ಜನರ ಕೆಲಸ ಹೋಗುತ್ತದೆ. ಉಳಿತಾಯದ ಈ ವಿರೋಧಾಭಾಸವನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರ ದಶಕದಲ್ಲಿಯೇ ವಿವರಿಸಿದ್ದರು. ಭಯಕ್ಕೆ ಕಾರಣವಿರುತ್ತದೆ, ಆದರೆ ಭಯವೇ ಮತ್ತೊಂದು ಕಾರಣವೂ ಆಗಿಬಿಡುತ್ತದೆ. ಆದ್ದರಿಂದಲೇ ಸರ್ಕಾರಗಳು ಜನರ ಮನಸ್ಸಿಗೆ ಅಷ್ಟೊಂದು ತಲೆಕೆಡಿಸಿಕೊಳ್ಳುವುದು.

ಮಾತಿನಿಂದ ಧೈರ್ಯ ಬರುವುದೇ?

ಬರುವುದುಂಟು. 1933ರ ಮಾರ್ಚ್ ತಿಂಗಳಲ್ಲಿ ಫ್ರಾಂಕ್ಲಿನ್ ರೂಸ್ವೆಲ್ಟ್ ಅಧಿಕಾರ ವಹಿಸಿಕೊಂಡಾಗ ಅಮೆರಿಕದ ಬ್ಯಾಂಕುಗಳು ಸಾಲಾಗಿ ಕುಸಿಯುತ್ತಿದ್ದವು. ಅವರು ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿದರು. ಹೊಸ ಕಾನೂನು ತಂದು, ಗಟ್ಟಿಯಾಗಿರುವ ಬ್ಯಾಂಕುಗಳನ್ನಷ್ಟೇ ತೆರೆಯುವ ವ್ಯವಸ್ಥೆ ಮಾಡಿದರು. ಮಾರ್ಚ್ 12ರ ರಾತ್ರಿ ರೇಡಿಯೊದಲ್ಲಿ ಮನೆಯ ಹಿರಿಯರಂತೆ ಕುಳಿತು, ಬ್ಯಾಂಕು ಹೇಗೆ ಕೆಲಸ ಮಾಡುತ್ತದೆ ಎಂದು ಸಾವಧಾನವಾಗಿ ವಿವರಿಸಿದರು. ಮರುದಿನ ಬ್ಯಾಂಕುಗಳು ಬಾಗಿಲು ತೆರೆದಾಗ, ಹಣ ಕೀಳಲು ಸಾಲುಗಟ್ಟಿದ್ದ ಜನ ಹಣ ಕಟ್ಟಲು ಬಂದರು. ಅಲ್ಲಿ ಮಾತಿನ ಹಿಂದೆ ಕೆಲಸವಿತ್ತು, ಕೆಲಸವನ್ನು ಮಾತು ತಿಳಿಯಾಗಿ ಹೇಳಿತು.

ಬುಷ್ ಅವರ ಕಾಲುಚೀಲದ ಹಿಂದೆ ಅಂಥದು ಜನರಿಗೆ ಕಾಣಲಿಲ್ಲ. 1992ರ ಆರಂಭದಲ್ಲಿ ಅವರು ಇನ್ನೊಂದು ಉಪಾಯ ಹೂಡಿದರು. ಸಂಬಳದಿಂದ ತಿಂಗಳು ತಿಂಗಳು ಹಿಡಿಯುವ ಆದಾಯ ತೆರಿಗೆಯ ಮೊತ್ತವನ್ನು ಕಡಿಮೆ ಮಾಡಿಸಿದರು. ತೆರಿಗೆಯೇನೂ ಇಳಿಯಲಿಲ್ಲ, ಈಗ ಕೈಗೆ ಹೆಚ್ಚು ಬಂದದ್ದು ಮರುವರ್ಷ ಲೆಕ್ಕ ಚುಕ್ತಾ ಮಾಡುವಾಗ ಕಡಿಮೆಯಾಗುವಂಥದು. ಇದರಿಂದ ಏನಾಯಿತು ಎಂದು ಮಿಷಿಗನ್ನಿನ ಮ್ಯಾಥ್ಯೂ ಶಪೀರೊ ಮತ್ತು ಜೋಯೆಲ್ ಸ್ಲೆಮ್‌ರಾಡ್ ಎಂಬ ಅರ್ಥಶಾಸ್ತ್ರಜ್ಞರು ಜನರನ್ನೇ ಕೇಳಿದರು. ಬಂದ ಹಣದ ಹೆಚ್ಚಿನ ಭಾಗವನ್ನು ಖರ್ಚು ಮಾಡುವುದಾಗಿ ಹೇಳಿದವರು ಶೇ 43 ಮಂದಿ. ಉಳಿದವರು ಉಳಿಸುವ ಅಥವಾ ಸಾಲ ತೀರಿಸುವ ಮಾತಾಡಿದರು. ಅರ್ಧಕ್ಕರ್ಧ ಜನ ನಾಳೆಯ ಚಿಂತೆಯನ್ನು ಇಂದಿನ ಅಂಗಡಿಗಿಂತ ಮುಂದಿಟ್ಟಿದ್ದರು.

ತಡವಾಗಿ ಬಂದ ಪ್ರಮಾಣಪತ್ರ

1992ರ ಬೇಸಿಗೆ ಮುಗಿಯುವ ಹೊತ್ತಿಗೆ ಬುಷ್ ಅವರನ್ನು ಮೆಚ್ಚುವವರ ಪ್ರಮಾಣ ಶೇ 29ಕ್ಕೆ ಇಳಿದಿತ್ತು. ಎದುರಾಳಿ ಬಿಲ್ ಕ್ಲಿಂಟನ್ ಅವರ ಪ್ರಚಾರ ಕಚೇರಿಯ ಗೋಡೆಯ ಮೇಲೆ, ಮಾತಾಡಬೇಕಾದದ್ದು ಆರ್ಥಿಕತೆಯ ಬಗ್ಗೆ ಎಂದು ಕಾರ್ಯಕರ್ತರಿಗೆ ನೆನಪಿಸುವ ಫಲಕ ತೂಗುತ್ತಿತ್ತು. ಚುನಾವಣೆಗೆ ಒಂದು ವಾರವಿದ್ದಾಗ ಮೂರನೇ ತ್ರೈಮಾಸಿಕದ ಬೆಳವಣಿಗೆ ಶೇ 2.7 ಎಂಬ ಅಂದಾಜು ಹೊರಬಿತ್ತು. ಚೇತರಿಕೆ ಬಂದಿದೆ ಎಂದು ಬುಷ್ ಹೇಳುತ್ತಲೇ ಇದ್ದರು. ನವೆಂಬರ್ 3ರಂದು ಜನ ಕ್ಲಿಂಟನ್ ಅವರಿಗೆ ಶೇ 43, ಬುಷ್ ಅವರಿಗೆ ಶೇ 37.4 ಮತ ಕೊಟ್ಟರು. ಪಕ್ಷೇತರ ಅಭ್ಯರ್ಥಿ ರಾಸ್ ಪೆರೊ ಶೇ 18.9 ಮತ ಪಡೆದರು.

ಆಮೇಲೆ ನಡೆದದ್ದು ಬುಷ್ ಅವರ ಮಟ್ಟಿಗೆ ಕಹಿ. ತಿಂಗಳು ಕಳೆಯುವುದರೊಳಗೆ ಬೆಳವಣಿಗೆಯ ಅಂದಾಜನ್ನು ಶೇ 3.9ಕ್ಕೆ ಪರಿಷ್ಕರಿಸಲಾಯಿತು. ಗ್ರಾಹಕ ಸೂಚ್ಯಂಕ ಅಕ್ಟೋಬರ್‌ನಲ್ಲಿ 73.3 ಇದ್ದುದು ನವೆಂಬರ್‌ನಲ್ಲಿ 85.3, ಡಿಸೆಂಬರ್‌ನಲ್ಲಿ 91ಕ್ಕೇರಿತು. ಹಿಂಜರಿತದ ತೇದಿ ನಿರ್ಧರಿಸುವ ಸಮಿತಿ ಅದು 1991ರ ಮಾರ್ಚ್‌ನಲ್ಲಿಯೇ ಮುಗಿದಿತ್ತೆಂದು ಅಧಿಕೃತವಾಗಿ ಪ್ರಕಟಿಸಿದ್ದು 1992ರ ಡಿಸೆಂಬರ್ 22ರಂದು. ಚುನಾವಣೆ ಮುಗಿದು ಏಳು ವಾರವಾಗಿತ್ತು. ಆದರೆ ಮೊದಲೇ ಪ್ರಕಟಿಸಿದ್ದರೆ ಬುಷ್ ಗೆಲ್ಲುತ್ತಿದ್ದರು ಎನ್ನುವಂತಿಲ್ಲ. ಕೆಲಸ ಹುಡುಕುತ್ತಿದ್ದವನಿಗೆ ಪ್ರಮಾಣಪತ್ರದಿಂದ ಕೆಲಸ ಸಿಗುತ್ತಿರಲಿಲ್ಲ.

ಹದಿನೇಳು ವರ್ಷಗಳ ಮೇಲೆ

ಇದೇ ಕಥೆ ಮತ್ತೂ ದೊಡ್ಡದಾಗಿ ಮರುಕಳಿಸಿತು. 2007ರ ಡಿಸೆಂಬರ್‌ನಲ್ಲಿ ಶುರುವಾದ ಹಿಂಜರಿತ 18 ತಿಂಗಳ ನಂತರ, 2009ರ ಜೂನ್‌ನಲ್ಲಿ ಮುಗಿಯಿತು ಎಂದು ಸಮಿತಿ 2010ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಮುಗಿಯಿತು ಎಂದರೆ ಪರಿಸ್ಥಿತಿ ಮೊದಲಿನಂತಾಯಿತು ಎಂದರ್ಥವಲ್ಲ ಎಂಬ ಮಾತನ್ನೂ ಘೋಷಣೆಯಲ್ಲಿ ಸೇರಿಸಿತು. ನಿರುದ್ಯೋಗ ಶೇ 10 ಮುಟ್ಟಿದ್ದು ಹಿಂಜರಿತ ಮುಗಿದ ನಾಲ್ಕು ತಿಂಗಳ ಮೇಲೆ, 2009ರ ಅಕ್ಟೋಬರ್‌ನಲ್ಲಿ. ಕಳೆದುಹೋದ ಉದ್ಯೋಗಗಳ ಸಂಖ್ಯೆ ಸುಮಾರು 87 ಲಕ್ಷ. ಉದ್ಯೋಗಗಳ ಒಟ್ಟು ಸಂಖ್ಯೆ ಮೊದಲಿನ ಮಟ್ಟಕ್ಕೆ ಬರಲು 2014ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಬಾವಿಯ ತಳದಿಂದ ಕಟ್ಟೆಗೆ ಬರಲು ಹಿಡಿದದ್ದು ಸುಮಾರು ಐದು ವರ್ಷ.

ಆ ಸಲ ಬಾವಿಯ ಸದ್ದು ಬೆಂಗಳೂರಿಗೂ ಕೇಳಿಸಿತು. ಇಲ್ಲಿನ ಸಾಫ್ಟ್‌ವೇರ್ ಕಂಪೆನಿಗಳ ದೊಡ್ಡ ಗಿರಾಕಿ ಅಮೆರಿಕ. ಅಲ್ಲಿನ ಬ್ಯಾಂಕುಗಳು ಖರ್ಚಿಗೆ ಕಡಿವಾಣ ಹಾಕಿದಾಗ ಇಲ್ಲಿ ನೇಮಕಾತಿ ನಿಧಾನವಾಯಿತು. ಕಾಲೇಜಿನಲ್ಲಿಯೇ ಕೆಲಸದ ಪತ್ರ ಪಡೆದಿದ್ದ ಎಂಜಿನಿಯರಿಂಗ್ ಪದವೀಧರರು ಸೇರುವ ದಿನಾಂಕಕ್ಕಾಗಿ ತಿಂಗಳುಗಟ್ಟಲೆ ಕಾದರು. ಅಮೆರಿಕದ ಮನೆಯೊಂದರ ‘ಮುಂದಿನ ವರ್ಷ ನೋಡೋಣ’ ಎಂಬ ಮಾತು ಹಲವು ಕೈ ದಾಟಿ ಜಯನಗರದ, ರಾಜಾಜಿನಗರದ ಮನೆಗಳಲ್ಲಿಯೂ ಅದೇ ಮಾತಾಗಿ ಕೇಳಿಬಂತು.

24 ಕಳೆದು 20 ಕೂಡಿದರೆ

ಭಾರತದಲ್ಲಿಯೂ ಜನರ ವಿಶ್ವಾಸವನ್ನು ಅಳೆಯುವ ಕೆಲಸ ನಡೆಯುತ್ತದೆ. ಬೆಂಗಳೂರು ಸೇರಿದಂತೆ ದೊಡ್ಡ ನಗರಗಳ ಕುಟುಂಬಗಳನ್ನು ರಿಸರ್ವ್ ಬ್ಯಾಂಕ್ ಕಾಲಕಾಲಕ್ಕೆ ಪ್ರಶ್ನಿಸುತ್ತದೆ. ದೇಶದ ಆರ್ಥಿಕ ಸ್ಥಿತಿ, ಉದ್ಯೋಗ, ಬೆಲೆ, ಆದಾಯ, ಖರ್ಚು ಇವು ವಿಷಯಗಳು. ಒಂದು ವರ್ಷದ ಹಿಂದಕ್ಕೆ ಹೋಲಿಸಿದರೆ ಇಂದು ಹೇಗಿದೆ ಎಂಬುದಕ್ಕೆ ಒಂದು ಸೂಚ್ಯಂಕ, ಮುಂದಿನ ವರ್ಷದ ನಿರೀಕ್ಷೆಗೆ ಇನ್ನೊಂದು. ನೂರು ಗಡಿರೇಖೆ; ಮೇಲಿದ್ದರೆ ಆಶಾವಾದ, ಕೆಳಗಿದ್ದರೆ ನಿರಾಶೆ.

ಕೊರೊನಾ ಲಾಕ್‌ಡೌನ್ ಇದ್ದ 2020ರ ಏಪ್ರಿಲ್‌–ಜೂನ್ ತ್ರೈಮಾಸಿಕದಲ್ಲಿ ದೇಶದ ಒಟ್ಟು ಉತ್ಪನ್ನ ಸುಮಾರು ಶೇ 24ರಷ್ಟು ಕುಸಿಯಿತು. ಮರುವರ್ಷ ಅದೇ ತ್ರೈಮಾಸಿಕದಲ್ಲಿ ಶೇ 20.1ರಷ್ಟು ಬೆಳೆಯಿತು ಎಂದು ಅಂಕಿಅಂಶ ಇಲಾಖೆ ತಿಳಿಸಿತು. ಶೇ 20 ಎಂದರೆ ಸಾಮಾನ್ಯ ಬೆಳವಣಿಗೆಯೇ? ಆದರೆ ಅದೇ ತ್ರೈಮಾಸಿಕದ ನಡುವೆ, 2021ರ ಮೇ ತಿಂಗಳಲ್ಲಿ, ರಿಸರ್ವ್ ಬ್ಯಾಂಕಿನ ‘ಪ್ರಸಕ್ತ ಸ್ಥಿತಿ ಸೂಚ್ಯಂಕ’ 48.5ಕ್ಕೆ ಇಳಿದಿತ್ತು. ಅಲ್ಲಿಯವರೆಗೆ ಅದು ಅಷ್ಟು ಕೆಳಗೆ ಹೋದದ್ದೇ ಇರಲಿಲ್ಲ. ಎರಡನೇ ಅಲೆಯ ಸಾವುನೋವು ಮನೆಮನೆಯನ್ನು ತಟ್ಟಿದ್ದ ದಿನಗಳವು ಎಂಬುದು ನಿಜ. ಅದರ ಜೊತೆಗೆ ಒಂದು ಸರಳ ಗಣಿತವೂ ಇದೆ.

ನೂರು ರೂಪಾಯಿಯಲ್ಲಿ 24 ಹೋದರೆ ಉಳಿಯುವುದು 76. ಮರುವರ್ಷದ ಶೇ 20 ಬೆಳವಣಿಗೆ ಈ 76ರ ಮೇಲೆ, ನೂರರ ಮೇಲಲ್ಲ. 76ರ ಶೇ 20 ಎಂದರೆ 15 ರೂಪಾಯಿ ಚಿಲ್ಲರೆ. ಕೂಡಿದರೆ ಸುಮಾರು 91. ಎರಡು ವರ್ಷಗಳ ಹಿಂದೆ ನೂರಿದ್ದವನು ಈಗ 91ರಲ್ಲಿದ್ದಾನೆ. ‘ಶೇ 20 ಬೆಳೆದಿದ್ದೀಯಲ್ಲ, ಸಂತೋಷಪಡು’ ಎಂದರೆ ಅವನು ಒಂಬತ್ತು ರೂಪಾಯಿ ಎಲ್ಲಿ ಎಂದು ಕೇಳುತ್ತಾನೆ. ಆ ಸೂಚ್ಯಂಕ ಮೆಲ್ಲಮೆಲ್ಲನೆ ಏರಿ 98.5 ತಲುಪಿದ್ದು 2024ರ ಮಾರ್ಚ್‌ನಲ್ಲಿ.

ದರ ಇಳಿದರೂ ಬೆಲೆ ಇಳಿಯದು

ದಿಕ್ಕು ಮತ್ತು ಮಟ್ಟದ ಗೊಂದಲ ಉದ್ಯೋಗಕ್ಕಷ್ಟೇ ಸೀಮಿತವಲ್ಲ. 2020ರ ಹಿಂಜರಿತ ಅಮೆರಿಕದಲ್ಲಿ ಎರಡೇ ತಿಂಗಳಿನದು. 2022ರ ಹೊತ್ತಿಗೆ ಅಲ್ಲಿ ಉದ್ಯೋಗಕ್ಕೆ ಬರವಿರಲಿಲ್ಲ, ನಿರುದ್ಯೋಗ ಶೇ 3.6. ಆದರೂ ಆ ವರ್ಷದ ಜೂನ್‌ನಲ್ಲಿ ಮಿಷಿಗನ್ ಸೂಚ್ಯಂಕ 50ಕ್ಕೆ ಕುಸಿಯಿತು. ಆವರೆಗಿನ ದಾಖಲೆಯಲ್ಲಿಯೇ ಅತಿ ಕನಿಷ್ಠ. 2008ರ ಕರಾಳ ನವೆಂಬರ್‌ನಲ್ಲಿಯೂ ಅದು 55.3 ಇತ್ತು. ಕಾರಣ ಬೆಲೆಯೇರಿಕೆ. ಆ ಜೂನ್‌ನಲ್ಲಿ ಹಣದುಬ್ಬರ ಶೇ 9.1.

ಮುಂದೆ ಹಣದುಬ್ಬರ ಇಳಿಯಿತು. ಇಳಿದದ್ದು ಬೆಲೆ ಏರುವ ವೇಗ. ಏರಿದ ಬೆಲೆ ಏರಿದಲ್ಲಿಯೇ ನಿಂತಿತು. ನಲವತ್ತು ರೂಪಾಯಿಯ ಅಕ್ಕಿ ಅರುವತ್ತಾದ ಮೇಲೆ ಅರುವತ್ತರಲ್ಲಿಯೇ ನಿಂತರೆ ಹಣದುಬ್ಬರ ಸೊನ್ನೆ. ದಿನಸಿ ಅಂಗಡಿಯಲ್ಲಿ ನಿಂತವರಿಗೆ ಮಾತ್ರ ಇನ್ನೂ ನಲವತ್ತರ ನೆನಪು. ಸಂಬಳ ಆ ಅರುವತ್ತನ್ನು ಮುಟ್ಟುವವರೆಗೆ ಆ ನೆನಪು ಹೋಗುವುದಿಲ್ಲ.

ಜನರ ಮನಸ್ಸು ಯಾವಾಗಲೂ ಸರಿಯೇ?

ಹಾಗೆಂದೂ ಹೇಳಲಾಗದು. 1991ರ ಮಾರ್ಚ್‌ನ ಜಿಗಿತ ಯುದ್ಧದ ಗೆಲುವಿನ ಅಮಲಾಗಿತ್ತು. ಅದನ್ನು ನಂಬಿ ಸರಕು ತುಂಬಿಸಿಕೊಂಡ ವ್ಯಾಪಾರಿ ಸೋತಿರಬೇಕು. 2011ರ ಆಗಸ್ಟ್‌ನಲ್ಲಿ ಸರ್ಕಾರದ ಸಾಲದ ಮಿತಿಯ ಬಗ್ಗೆ ಅಮೆರಿಕದ ಸಂಸತ್ತು ಕಿತ್ತಾಡಿದಾಗ ಸೂಚ್ಯಂಕ 56ರ ಆಸುಪಾಸಿಗೆ ಬಿತ್ತು. ಮತ್ತೊಂದು ಹಿಂಜರಿತ ಬಂತೆಂದು ಅನೇಕರು ಹೆದರಿದರು. ಅದು ಬರಲಿಲ್ಲ. ಈಚಿನ ವರ್ಷಗಳಲ್ಲಿ ರಾಜಕೀಯವೂ ಉತ್ತರದೊಳಗೆ ಸೇರಿಕೊಂಡಿದೆ. ತಮ್ಮ ಪಕ್ಷ ಅಧಿಕಾರಕ್ಕೆ ಬಂದ ಕೂಡಲೇ ಒಂದು ಗುಂಪಿಗೆ ಕಾಲ ಒಳ್ಳೆಯದಾಗುತ್ತದೆ, ಇನ್ನೊಂದು ಗುಂಪಿಗೆ ಕೆಡುತ್ತದೆ. ಎರಡೂ ಗುಂಪಿನವರ ಸಂಬಳ ಮೊದಲಿನಷ್ಟೇ ಇರುತ್ತದೆ.

ಮನಸ್ಸು ಆರ್ಥಿಕತೆಯನ್ನು ನಡೆಸುತ್ತದೆಯೋ ಅಥವಾ ಅದರ ಕನ್ನಡಿ ಮಾತ್ರವೋ ಎಂಬ ಚರ್ಚೆಯೂ ಮುಗಿದಿಲ್ಲ. 1990ರ ಹಿಂಜರಿತಕ್ಕೆ, ಬೇರೆ ಕಾರಣಗಳಿಂದ ವಿವರಿಸಲಾಗದಷ್ಟು ಜನ ಖರ್ಚು ತಗ್ಗಿಸಿದ್ದೇ ಮುಖ್ಯ ಕಾರಣ ಎಂದು ಒಲಿವಿಯರ್ ಬ್ಲಾಂಚಾರ್ಡ್ 1993ರಲ್ಲಿ ವಾದಿಸಿದರು. ಮರುವರ್ಷ ಕ್ಯಾರೊಲ್, ಫ್ಯೂರರ್ ಮತ್ತು ವಿಲ್ಕಾಕ್ಸ್ ಎಂಬ ಮೂವರು ನಡೆಸಿದ ಅಧ್ಯಯನ, ಸೂಚ್ಯಂಕದಿಂದ ಮುಂದಿನ ಖರ್ಚಿನ ಸುಳಿವು ಸಿಗುವುದು ನಿಜ, ಆದರೆ ಉಳಿದ ಅಂಕಿಅಂಶಗಳು ಹೇಳದ್ದನ್ನು ಅದು ಹೆಚ್ಚೇನೂ ಹೇಳುವುದಿಲ್ಲ ಎಂಬ ಎಚ್ಚರಿಕೆಯ ತೀರ್ಮಾನಕ್ಕೆ ಬಂತು.

ಆದರೂ ಒಂದು ಮಾತು ನಿಲ್ಲುತ್ತದೆ. ಚೇತರಿಕೆಯ ದಿನಗಳಲ್ಲಿ ಜನ ಮುಖ ಗಂಟಿಕ್ಕಿಕೊಂಡಿದ್ದರೆ ಅದನ್ನು ಅಜ್ಞಾನ ಎಂದು ತಳ್ಳಿಹಾಕುವ ಸರ್ಕಾರ ಎಡವುತ್ತದೆ. 1992ರಲ್ಲಿ ಅಮೆರಿಕದ ಜನ ಅಂಕಿಯನ್ನು ತಪ್ಪಾಗಿ ಓದಿದವರಲ್ಲ. ಅವರು ಓದುತ್ತಿದ್ದುದು ಬೇರೆ ಅಂಕಿಯನ್ನು. ನಿರುದ್ಯೋಗದ ಪ್ರಮಾಣ ಆ ವರ್ಷದ ನಡುವಿನವರೆಗೂ ಅವರ ಕಡೆಗೇ ಸಾಕ್ಷಿ ಹೇಳುತ್ತಿತ್ತು.

ಮುಂದೆ ಯಾವತ್ತಾದರೂ ಪತ್ರಿಕೆಯ ಮೊದಲ ಪುಟದಲ್ಲಿ ‘ಆರ್ಥಿಕ ಚೇತರಿಕೆ’ ಎಂಬ ಶೀರ್ಷಿಕೆ ಕಂಡಾಗ ಓದುಗರು ಎರಡು ಪ್ರಶ್ನೆ ಕೇಳಿಕೊಳ್ಳಬಹುದು. ಈ ಬೆಳವಣಿಗೆಯನ್ನು ಯಾವ ವರ್ಷಕ್ಕೆ ಹೋಲಿಸಿದ್ದಾರೆ, ಬಿದ್ದ ವರ್ಷಕ್ಕೋ, ಬೀಳುವ ಮೊದಲಿನ ವರ್ಷಕ್ಕೋ? ಕೆಲಸ ಕಳೆದುಕೊಂಡವರಲ್ಲಿ ಎಷ್ಟು ಮಂದಿಗೆ ಕೆಲಸ ಮರಳಿ ಸಿಕ್ಕಿದೆ? ಎರಡಕ್ಕೂ ಉತ್ತರ ಸಿಕ್ಕಿದರೆ, ಬಾವಿಯಲ್ಲಿ ಇನ್ನೆಷ್ಟು ಮೆಟ್ಟಿಲು ಉಳಿದಿವೆ ಎಂಬ ಲೆಕ್ಕವೂ ಸಿಗುತ್ತದೆ.